ಇಶಿಗಾಕಿಗೆ ಮರಳಿದ ಹಾಡು

'ನದ ಸೋಸೋ' ಜಪಾನಿನ ಜನಪ್ರಿಯ ಸಂಗೀತದಲ್ಲಿ ಕಾಲು ಶತಮಾನದಿಂದ ಬಾಳಿಕೊಂಡು ಬಂದಿರುವ ವಿಳಂಬ ಗತಿಯ ಹಾಡು; ಅಗಲಿದವರನ್ನು ನೆನೆಯುವ ಹಾಡು. ಇದರ ಸಾಹಿತ್ಯ ಟೋಕಿಯೊದ ಗಾಯಕಿ ರ್ಯೋಕೊ ಮೊರಿಯಾಮಾ ಅವರದು. ಮಟ್ಟು ಒಕಿನಾವಾದ ಮೂವರು ಗೆಳೆಯರ ತಂಡವಾದ ಬಿಗಿನ್‌ನದು. 1998ರಲ್ಲಿ ಮೊರಿಯಾಮಾ ಇದನ್ನು ತಮ್ಮ 'ಟೈಮ್ ಈಸ್ ಲೋನ್ಲಿ' ಎಂಬ ಆಲ್ಬಮ್ಮಿನಲ್ಲಿ ಮೊದಲು ಹಾಡಿದರು. 2000ದ ಮಾರ್ಚ್‌ನಲ್ಲಿ ಬಿಗಿನ್ ತಂಡ ತಾನೇ ಹಾಡಿ ಹೊರತಂದಿತು. ಮತ್ತೊಂದು ವರ್ಷದ ಮೇಲೆ, 2001ರ ಮಾರ್ಚ್ 23ರಂದು, ರಿಮಿ ನತ್ಸುಕಾವಾ ಎಂಬ ಗಾಯಕಿಯ ದನಿಯಲ್ಲಿ ಅದು ಮೂರನೆಯ ಸಲ ಬಂತು. ಇಂದು ಜಪಾನಿನಲ್ಲಿ ಈ ಹಾಡಿನ ಹೆಸರೆತ್ತಿದರೆ ಹೆಚ್ಚಿನವರಿಗೆ ನೆನಪಾಗುವುದು ಈ ಮೂರನೆಯ ದನಿಯೇ. ಬರೆದವರು ಒಬ್ಬರು, ಮಟ್ಟು ಹಾಕಿದವರು ಬೇರೆ, ಜನ ತಮ್ಮದಾಗಿಸಿಕೊಂಡದ್ದು ಇನ್ನೊಬ್ಬರ ಕೊರಳನ್ನು. ಹಾಗಾಗಿ ಮೂಲ ಗಾಯನಕ್ಕೂ ಮರುಗಾಯನಕ್ಕೂ ಇರುವ ನಂಟನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಜಪಾನಿನಲ್ಲಿ ಸುಲಭವಾಗಿ ಸಿಗದು.

ಜಪಾನಿನ ಸಂಗೀತಲೋಕ ಇಂಥ ಸಂದರ್ಭಗಳಿಗೆಂದೇ ಮೂರು ಹೆಸರುಗಳನ್ನು ಇಟ್ಟುಕೊಂಡಿದೆ. ಮೊದಲು ಹಾಡಿದವರದು ಒರಿಜಿನಲ್. ಬೇರೆಯವರು ಹಾಡಿದರೆ ಕವರ್. ಮಟ್ಟು ಹಾಕಿ ಇನ್ನೊಬ್ಬರಿಗೆ ಕೊಟ್ಟ ಹಾಡನ್ನು ಆಮೇಲೆ ಸಂಯೋಜಕರೇ ಹಾಡಿದರೆ ಅದು ಸೆಲ್ಫ್ ಕವರ್. ಈ ಲೆಕ್ಕದಲ್ಲಿ ಮೊರಿಯಾಮಾ ಹಾಡಿದ್ದು ಒರಿಜಿನಲ್, ಬಿಗಿನ್ ಹಾಡಿದ್ದು ಸೆಲ್ಫ್ ಕವರ್, ನತ್ಸುಕಾವಾ ಹಾಡಿದ್ದು ಕವರ್. ಕಾಗದದ ಮೇಲೆ ಇದು ಸರಿಯೇ. ಕಿವಿಗೆ ಮಾತ್ರ ಈ ವಿಂಗಡಣೆ ಅಷ್ಟು ಸರಿಯೆನಿಸುವುದಿಲ್ಲ.

ಮೊರಿಯಾಮಾ 1948ರಲ್ಲಿ ಟೋಕಿಯೊದಲ್ಲಿ ಹುಟ್ಟಿದವರು. ತಂದೆ ಹಿಸಾಶಿ ಮೊರಿಯಾಮಾ ಅಮೆರಿಕದ ಸಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆಸಿದ ಜಾಝ್ ಟ್ರಂಪೆಟ್ ವಾದಕ. ಮಗಳು 1967ರಲ್ಲಿ ಜಾನಪದ ಶೈಲಿಯ ಗಾಯಕಿಯಾಗಿ ರಂಗಕ್ಕೆ ಬಂದಾಗ ಪತ್ರಿಕೆಗಳು ಆಕೆಯನ್ನು ಜಪಾನಿನ ಜೋನ್ ಬಯೇಜ್ ಎಂದು ಕರೆದವು. ಆ ಹೆಸರಿಗೆ ತಕ್ಕಂತೆ ಸ್ವಚ್ಛವಾದ, ಎತ್ತರದ, ಪ್ರತಿ ಅಕ್ಷರವೂ ತಿಳಿಯುವಂಥ ದನಿ ಅವರದು. ಒಕಿನಾವಾದೊಂದಿಗೆ ಅವರ ನಂಟು ಈ ಹಾಡಿನಿಂದ ಶುರುವಾದದ್ದಲ್ಲ. 1969ರಲ್ಲೇ ಅವರು 'ಸಾತೋಕಿಬಿ ಬತಾಕೆ', ಅಂದರೆ ಕಬ್ಬಿನ ಗದ್ದೆ, ಎಂಬ ನಾಓಹಿಕೊ ತೆರಾಶಿಮಾ ಅವರ ರಚನೆಯನ್ನು ಧ್ವನಿಮುದ್ರಿಸಿದ್ದರು. 1945ರ ಒಕಿನಾವಾ ಕದನದಲ್ಲಿ ತಂದೆಯನ್ನು ಕಳೆದುಕೊಂಡ ಮಗಳ ಅಳಲು ಅದು. ಯುದ್ಧವನ್ನು ಕಾಣದ ಟೋಕಿಯೊದ ಹುಡುಗಿಗೆ ಆ ಹಾಡು ಹೊರಲಾರದ ಭಾರವಾಗಿತ್ತು. ಆದರೂ ದಶಕಗಳ ಕಾಲ ಅದನ್ನು ಕೈಬಿಡದೆ ಹಾಡಿಕೊಂಡು ಬಂದರು.

ಬಿಗಿನ್ ತಂಡದ ಮೂವರೂ ಇಶಿಗಾಕಿ ದ್ವೀಪದವರು: ಹಾಡುಗಾರ ಏಶೋ ಹಿಗಾ, ಗಿಟಾರಿನ ಮಸಾರು ಶಿಮಾಬುಕುರೊ, ಕೀಬೋರ್ಡಿನ ಹಿತೋಶಿ ಉಏಚಿ. ಇಶಿಗಾಕಿ ಒಕಿನಾವಾ ಪ್ರಾಂತದ ರಾಜಧಾನಿ ನಾಹಾದಿಂದ ನೈಋತ್ಯಕ್ಕೆ ಸುಮಾರು 400 ಕಿಲೋಮೀಟರ್ ದೂರದಲ್ಲಿ, ಯಏಯಾಮಾ ದ್ವೀಪಸ್ತೋಮದಲ್ಲಿದೆ. ಟೋಕಿಯೊಗಿಂತ ತೈವಾನಿಗೇ ಬಹಳ ಹತ್ತಿರ. ಬಾಲ್ಯದಿಂದ ಗೆಳೆಯರಾದ ಈ ಮೂವರು ಟೋಕಿಯೊಗೆ ಬಂದು, ದೂರದರ್ಶನದ ವಾದ್ಯತಂಡಗಳ ಸ್ಪರ್ಧೆಯೊಂದರಲ್ಲಿ ಗೆದ್ದು, 1990ರಲ್ಲಿ 'ಕೊಯಿಶಿಕುತೆ' ಎಂಬ ಹಾಡಿನೊಂದಿಗೆ ಹೆಸರು ಮಾಡಿದರು. ಮೊದಮೊದಲು ಅವರನ್ನು ಸೆಳೆದದ್ದು ಅಮೆರಿಕದ ಬ್ಲೂಸ್. ಊರಿನ ಸಂಗೀತದತ್ತ ಅವರು ತಿರುಗಿದ್ದು ಆಮೇಲೆ. 'ನದ ಸೋಸೋ' ಹುಟ್ಟಿದ್ದು ಆ ತಿರುವಿನಲ್ಲಿ.

ಮೊರಿಯಾಮಾ ಮತ್ತು ಬಿಗಿನ್ ಒಂದೇ ವೇದಿಕೆಯಲ್ಲಿ ಹಾಡಿದ ಸಂದರ್ಭವೊಂದರಲ್ಲಿ ಸ್ನೇಹ ಬೆಳೆಯಿತು. ಒಕಿನಾವಾದ ಸೊಗಡಿರುವ ಮಟ್ಟೊಂದನ್ನು ಮಾಡಿಕೊಡಿ ಎಂದು ಮೊರಿಯಾಮಾ ಕೇಳಿದರು. ಅವರಿಗೆ ಬಂದ ಡೆಮೊ ಟೇಪಿನ ಮೇಲೆ ಶೀರ್ಷಿಕೆ ಬರೆದಿತ್ತು, ಸಾಹಿತ್ಯವಿರಲಿಲ್ಲ. ಶೀರ್ಷಿಕೆ ಒಕಿನಾವಾ ನುಡಿಯದು. ಕಣ್ಣೀರು ಎಡೆಬಿಡದೆ ಹರಿಯುವುದೆಂದು ಅದರ ಅರ್ಥ. ಅರ್ಥ ತಿಳಿದ ಕೂಡಲೆ ಮೊರಿಯಾಮಾಗೆ ನೆನಪಾದದ್ದು ಅಣ್ಣ. ಅವರಿಗಿಂತ ಒಂದೇ ವರ್ಷ ದೊಡ್ಡವನಾದ ಆತ 1970ರಲ್ಲಿ, 23ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡಿದ್ದ. ಆಗ ತಂಗಿ ಹಾಡುಗಾರಿಕೆಯಲ್ಲಿ ಹೆಸರು ಮಾಡುತ್ತಿದ್ದ ಹೊತ್ತು. ಮೂರು ದಶಕಗಳ ಹತ್ತಿರ ಒಳಗೇ ಇಟ್ಟುಕೊಂಡಿದ್ದ ದುಃಖಕ್ಕೆ ಬೇರೊಂದು ನುಡಿಯ ಶೀರ್ಷಿಕೆ ದಾರಿ ತೆಗೆಯಿತು. ಸಾಹಿತ್ಯ ಬಹಳ ಬೇಗ ಬರೆದು ಮುಗಿಯಿತು. ಇಷ್ಟು ವರ್ಷ ಕಾದ ಮಾತಿಗೆ ಒಂದು ರಾತ್ರಿ ಸಾಕಾದದ್ದರಲ್ಲಿ ಅಚ್ಚರಿಯೇನಿಲ್ಲ.

ಸಾಹಿತ್ಯದ ಹಂದರ ಸರಳ. ಹಳೆಯ ಫೋಟೊ ಆಲ್ಬಮ್ಮಿನ ಪುಟ ಮಗುಚುವ ಒಬ್ಬರು ಅಲ್ಲಿರುವ ಮುಖಕ್ಕೆ ಮೆಲ್ಲಗೆ ಕೃತಜ್ಞತೆ ಹೇಳುತ್ತಾರೆ. ಬಿಸಿಲಿರಲಿ ಮಳೆಯಿರಲಿ, ಆ ನಗುಮುಖ ಕಣ್ಮುಂದೆ ಬರುತ್ತದೆ. ನೆನಪು ಮಾಸಿದರೂ ಗುರುತು ಹುಡುಕುತ್ತಾರೆ. ಎರಡನೆಯ ಭಾಗದಲ್ಲಿ ಮುಸ್ಸಂಜೆಯ ಮೊದಲ ನಕ್ಷತ್ರಕ್ಕೆ ಕೈಮುಗಿಯುವ ಅಭ್ಯಾಸ ಬರುತ್ತದೆ. ಅಲ್ಲಿಂದ ನನ್ನನ್ನು ನೋಡಲಾದರೆ, ಎಂದಾದರೂ ಮತ್ತೆ ಭೇಟಿಯಾಗುತ್ತೇವೆಂಬ ನಂಬಿಕೆಯಲ್ಲಿ ಬದುಕುತ್ತಿದ್ದೇನೆ ಎಂಬ ಭಾವ ಅದರದು. ಕೊನೆಯಲ್ಲಿ ಕಾಣುವ ಆಸೆಯೊಂದೇ ಉಳಿದು, ಅದೇ ಮಾತು ಮತ್ತೆ ಮತ್ತೆ ಬರುತ್ತದೆ. ಇಡೀ ಹಾಡಿನಲ್ಲಿ ಅಣ್ಣ ಎಂಬ ಸಂಬಂಧವಾಚಕ ಎಲ್ಲೂ ಇಲ್ಲ. ಸಾವು ಎಂಬುದೂ ಇಲ್ಲ. ತೀರಾ ಖಾಸಗಿಯಾದ ದುಃಖವನ್ನು ಬರೆಯುವಾಗ ಮೊರಿಯಾಮಾ ತಮ್ಮ ಗುರುತುಗಳನ್ನು ಒಂದೊಂದಾಗಿ ಹೊರಗಿಟ್ಟಿದ್ದಾರೆ. ಹಾಡು ಮುಂದೆ ಬೇರೆಯವರ ಕೊರಳಿಗೆ ಹೊಂದಿಕೊಂಡದ್ದಕ್ಕೆ ಮೊದಲ ಕಾರಣ ಈ ಸಂಯಮ. ಕವರ್ ಗೆದ್ದಿದೆ ಎನ್ನುವಾಗ ಆ ಗೆಲುವಿನ ಅಡಿಗಲ್ಲು ಒರಿಜಿನಲ್‌ನಲ್ಲೇ ಇದೆ ಎಂಬುದನ್ನು ಮರೆಯಬಾರದು.

ಮಟ್ಟಿನ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ಹಾಡಿನಲ್ಲಿ ಒಕಿನಾವಾದ ಪರಿಮಳವಿರುವುದರಿಂದ ಅದು ಒಕಿನಾವಾದ ಸ್ವರಶ್ರೇಣಿಯಲ್ಲೇ ಇರಬೇಕೆಂದು ಹಲವರು ಭಾವಿಸುತ್ತಾರೆ. ರ್ಯುಕ್ಯು ಶ್ರೇಣಿಯೆಂದು ಕರೆಯುವ ಆ ಸಾಂಪ್ರದಾಯಿಕ ಶ್ರೇಣಿಯಲ್ಲಿ ರಿಷಭ, ಧೈವತಗಳಿಲ್ಲ. ಷಡ್ಜ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕಾಕಲಿ ನಿಷಾದಗಳಷ್ಟೇ. ಕರ್ನಾಟಕ ಸಂಗೀತ ಬಲ್ಲವರಿಗೆ ಈ ಸ್ವರಗಳು ಚಿರಪರಿಚಿತ: ದೇವರ ಉತ್ಸವದಲ್ಲಿ ನಾಗಸ್ವರದವರು ಮಲ್ಲಾರಿ ನುಡಿಸುವ ಗಂಭೀರನಾಟದ ಸ್ವರಗಳೇ ಇವು. ಗಮಕ, ಸಂಚಾರ ಬೇರೆಯಾದ್ದರಿಂದ ಕೇಳುವಾಗ ಎರಡೂ ಒಂದೇ ಎನಿಸುವುದಿಲ್ಲ. ಆದರೂ ಇಷ್ಟು ದೂರದ ಎರಡು ಸಂಪ್ರದಾಯಗಳು ಅದೇ ಐದು ಸ್ವರಗಳನ್ನು ಆರಿಸಿಕೊಂಡಿರುವುದು ಗಮನಿಸತಕ್ಕದ್ದು. 'ನದ ಸೋಸೋ' ಈ ಶ್ರೇಣಿಯಲ್ಲಿಲ್ಲ. ಅದು ಪಾಶ್ಚಾತ್ಯ ಮೇಜರ್ ಶ್ರೇಣಿಯಲ್ಲಿ, ನಮ್ಮ ಶಂಕರಾಭರಣದ ಸ್ವರಗಳಲ್ಲಿ ನಡೆಯುವ ಹಾಡು. ಕೆಳಗಿನ ಬಾಸ್ ಮೆಟ್ಟಿಲಿಳಿದಂತೆ ಒಂದೊಂದೇ ಸ್ವರ ಇಳಿಯುತ್ತದೆ, ಮೇಲಿನ ಹಾಡು ಅದರ ಮೇಲೆ ನಿಧಾನವಾಗಿ ಸಾಗುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಬಹು ಹಿಂದಿನಿಂದ ನಂಬಿಕೊಂಡು ಬಂದ ಕಟ್ಟಡ ಇದು.

ಒಕಿನಾವಾ ಇದರೊಳಗೆ ಬರುವುದು ಮುಖ್ಯವಾಗಿ ವಾದ್ಯದ ಮೂಲಕ, ದನಿಯ ಮೂಲಕ. ವಾದ್ಯ ಸನ್‌ಶಿನ್. ಮೂರು ತಂತಿ, ಹೆಬ್ಬಾವಿನ ಚರ್ಮ ಹೊದಿಸಿದ ಪುಟ್ಟ ಬುರುಡೆ, ಉದ್ದನೆಯ ಕಪ್ಪು ಮರದ ಕತ್ತು. ಜಪಾನಿನ ಶಾಮಿಸೆನ್ ಇದರಿಂದಲೇ ಹುಟ್ಟಿದ್ದು. ತೋರುಬೆರಳಿಗೆ ಎಮ್ಮೆಯ ಕೊಂಬಿನ ಮೀಟುಗೋಲು ತೊಟ್ಟು ಇದನ್ನು ನುಡಿಸುತ್ತಾರೆ. ನಾದ ಗಿಟಾರಿನಂತೆ ಉಳಿಯುವುದಿಲ್ಲ. ಮೀಟಿದ ಕೂಡಲೆ ಆರುತ್ತದೆ. ಯುದ್ಧ ಮುಗಿದ ಹೊತ್ತಿನಲ್ಲಿ ಸೆರೆಶಿಬಿರಗಳಲ್ಲಿದ್ದ ಒಕಿನಾವಾದ ಜನ ಖಾಲಿ ಡಬ್ಬಗಳಿಗೆ ಮರದ ತುಂಡು ಸಿಕ್ಕಿಸಿ, ಪ್ಯಾರಾಚೂಟಿನ ದಾರವನ್ನು ತಂತಿಯಾಗಿ ಬಿಗಿದು ಸನ್‌ಶಿನ್ ಮಾಡಿಕೊಂಡರು. ಅನ್ನಕ್ಕೇ ಕಷ್ಟವಿದ್ದಾಗ ಜನ ಮೊದಲು ಮಾಡಿಕೊಂಡ ವಸ್ತುಗಳಲ್ಲಿ ಒಂದು ವಾದ್ಯವಿತ್ತು ಎಂಬುದು ಆ ದ್ವೀಪಗಳ ಬಗ್ಗೆ ಬಹಳ ಹೇಳುತ್ತದೆ.

ಮೊರಿಯಾಮಾ ಹಾಡುವ ಬಗೆಯಲ್ಲಿ ಎದ್ದು ಕಾಣುವುದು ಉಚ್ಚಾರಣೆ. ಜಪಾನಿ ನುಡಿಯ ಅಕ್ಷರಗಳು ಸಮಕಾಲದವು. ಒಂದಕ್ಕೊಂದು ಅಂಟದೆ ಸಾಲಾಗಿ ನಿಲ್ಲುತ್ತವೆ. ಮೊರಿಯಾಮಾ ಈ ಗುಣವನ್ನು ಪೂರ್ತಿ ಉಳಿಸಿಕೊಂಡು ಹಾಡುತ್ತಾರೆ. ಮೊದಲ ಸಾಲುಗಳು ಹಾಡಿಗಿಂತ ಮಾತಿಗೇ ಹತ್ತಿರ. ಎದುರಿಗೊಬ್ಬರು ಕುಳಿತಿದ್ದಾರೆ, ಅವರಿಗಷ್ಟೇ ಕೇಳಿಸಿದರೆ ಸಾಕು ಎಂಬಂತಿದೆ ಅವರ ಧಾಟಿ. ಸ್ವರ ನಿಲ್ಲಿಸಿದ ಕಡೆ ಸಣ್ಣ ಕಂಪನ ಸೇರುತ್ತದೆ. ಪಲ್ಲವಿಯಲ್ಲಿ ದನಿ ಏರಿದಾಗಲೂ ಅವರು ಮಾತನ್ನು ಬಿಟ್ಟುಕೊಡುವುದಿಲ್ಲ. ರಾಗವನ್ನು ಮಾತಿನ ಹಿಂದೆ ನಡೆಸುತ್ತಾರೆ. ಐವತ್ತು ತುಂಬಿದ ಗಾಯಕಿ ಇಪ್ಪತ್ತಮೂರರಲ್ಲೇ ನಿಂತುಹೋದ ಅಣ್ಣನೊಂದಿಗೆ ಮಾತಾಡುತ್ತಿದ್ದಾರೆ ಎಂದು ತಿಳಿದು ಕೇಳುವವರಿಗೆ ಇಲ್ಲಿನ ಪ್ರತಿ ಬಿಡುವೂ ತುಂಬಿದ ಬಿಡುವು. ತಿಳಿಯದೆ ಕೇಳುವವರಿಗೆ ಅದೊಂದು ನಾಜೂಕಾದ, ತುಸು ಹಳೆಯ ಕಾಲದ ಹಾಡಾಗಿ ಕೇಳಿಸಬಹುದು. ಇದೇ ಅದರ ಹಿರಿಮೆ, ಇದೇ ಅದರ ಮಿತಿ.

ಏಶೋ ಹಿಗಾ ಅವರ ದನಿ ಇದಕ್ಕೆ ತೀರಾ ಬೇರೆ. ಒರಟು ಎನ್ನುವಂತಿಲ್ಲ, ಆದರೆ ಅಂಚಿನಲ್ಲಿ ಸ್ವಲ್ಪ ಸವೆದಿದೆ. ಬ್ಲೂಸ್ ಹಾಡಿ ಪಳಗಿದ ಗಂಡಸಿನ ದನಿ. ಆತ ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ನಿಂತು ಹಾಡುತ್ತಾರೆ. ಹೇಳಲೋ ಬೇಡವೋ ಎಂಬ ಹಿಂಜರಿಕೆ ಅದರಲ್ಲಿದೆ. ಅಳು ಬಂದರೂ ತೋರಿಸಿಕೊಳ್ಳದ ಊರಿನ ಹಿರಿಯರ ಗತ್ತು ಇಲ್ಲಿ ಕೇಳಿಸುತ್ತದೆ. ಬಿಗಿನ್ ಇದನ್ನು ಒಕಿನಾವಾ ನುಡಿಯಲ್ಲಿಯೂ ಹಾಡಿದ್ದಾರೆ. ಅದೇ 2000ದಲ್ಲಿ ಅವರು ದ್ವೀಪದ ಹಾಡುಗಳ ಸಂಕಲನವನ್ನೂ ಹೊರತಂದರು. ಆದರೆ ಹಾಡನ್ನು ದೇಶದ ಕಿವಿಗೆ ಮುಟ್ಟಿಸಲು ಬಿಗಿನ್‌ಗೂ ಆಗಲಿಲ್ಲ. ಅದಕ್ಕೆ ಇನ್ನೊಬ್ಬ ಇಶಿಗಾಕಿಯವರು ಬರಬೇಕಾಯಿತು.

ರಿಮಿ ನತ್ಸುಕಾವಾ ಹುಟ್ಟಿದ್ದು 1973ರಲ್ಲಿ, ಅದೇ ದ್ವೀಪದಲ್ಲಿ. ಬಾಲ್ಯದಲ್ಲೇ ಹಾಡಿನ ಸ್ಪರ್ಧೆಗಳಲ್ಲಿ ಗುರುತಿಸಿಕೊಂಡು ಟೋಕಿಯೊ ಸೇರಿದ ಹುಡುಗಿ 1989ರಲ್ಲಿ ಹೋಶಿ ಮಿಸಾತೊ ಎಂಬ ಹೆಸರಿನಲ್ಲಿ ಎಂಕಾ ಗಾಯಕಿಯಾಗಿ ರಂಗಕ್ಕೆ ಬಂದಳು. ಎಂಕಾ ಜಪಾನಿನ ಹಳೆಯ ತಲೆಮಾರಿನ ವಿರಹಗೀತೆಗಳ ಪ್ರಕಾರ: ಕಿಮೋನೊ, ಬಂದರು, ಸಾಕೆ, ಕೈಬಿಟ್ಟ ಪ್ರೀತಿ. ದನಿಯನ್ನು ಕೊಂಕಿಸಿ ಹಾಡುವ ಕೋಬುಶಿ ಎಂಬ ಗಮಕ ಅದರ ಜೀವ. ಅಲ್ಲಿ ಆಕೆಗೆ ಯಶಸ್ಸು ದೊರೆಯಲಿಲ್ಲ. ವರ್ಷಗಳು ಹೋದವು, ಕೊನೆಗೆ ಎಲ್ಲ ಬಿಟ್ಟು ಒಕಿನಾವಾಕ್ಕೆ ಮರಳಿ, ನಾಹಾದಲ್ಲಿ ಅಕ್ಕ ನಡೆಸುತ್ತಿದ್ದ ಸಣ್ಣ ಬಾರಿನಲ್ಲಿ ಕೆಲಸಕ್ಕೆ ನಿಂತು, ಅಲ್ಲಿ ಬಂದವರಿಗೆ ಹಾಡುತ್ತಿದ್ದರು. 1999ರಲ್ಲಿ ಹೊಸ ಹೆಸರಿನಲ್ಲಿ ಮತ್ತೊಮ್ಮೆ ಶುರುಮಾಡಿದರು. 2000ದ ಜುಲೈನಲ್ಲಿ ಒಕಿನಾವಾದ ನಾಗೊದಲ್ಲಿ ಜಿ-8 ಶೃಂಗಸಭೆ ನಡೆಯಿತು. ಅದಕ್ಕೆ ಸಂಬಂಧಿಸಿದ ಕಾರ್ಯಕ್ರಮದಲ್ಲಿ ಬಿಗಿನ್ 'ನದ ಸೋಸೋ' ಹಾಡಿದ್ದನ್ನು ನತ್ಸುಕಾವಾ ದೂರದರ್ಶನದಲ್ಲಿ ಕೇಳಿದರು. ತಮ್ಮೂರಿನ ಹಿರಿಯರನ್ನು ಕಂಡು, ಈ ಹಾಡನ್ನು ಹಾಡಲು ಬಿಡಿ ಎಂದು ಕೇಳಿಕೊಂಡರು. ಹೊಸ ಹೆಸರಿನಲ್ಲಿ ಆಕೆಯ ಮೂರನೆಯ ಸಿಂಗಲ್ ಆಗಿ ಅದು ಹೊರಬಂತು.

ನತ್ಸುಕಾವಾ ಹಾಡಿದಾಗ ಬದಲಾದದ್ದೇನು? ಸಾಹಿತ್ಯ ಅದೇ, ಮಟ್ಟೂ ಅದೇ. ಬದಲಾದದ್ದು ಸ್ವರದ ಉದ್ದ. ಮೊರಿಯಾಮಾ ವ್ಯಂಜನವನ್ನು ಹಿಡಿದು ಹಾಡಿದರೆ ನತ್ಸುಕಾವಾ ಸ್ವರವನ್ನು ಹಿಡಿದು ಹಾಡುತ್ತಾರೆ. ಒಂದು ಪದದ ಕೊನೆಯ ಆಕಾರವೋ ಓಕಾರವೋ ಮುಂದಿನ ಪದದವರೆಗೆ ಚಾಚುತ್ತದೆ, ನಡುವೆ ಉಸಿರಿನ ಸುಳಿವು ಸಿಗುವುದಿಲ್ಲ. ವರ್ಷಗಟ್ಟಲೆ ಎಂಕಾ ಹಾಡಿದ ಅಭ್ಯಾಸ ಇಲ್ಲಿ ಒದಗಿದೆ: ಉಸಿರಿನ ಹಿಡಿತ ಅಲ್ಲಿನದು. ಆದರೆ ಎಂಕಾದ ಎದೆಬಡಿತವನ್ನು ಆಕೆ ಇಲ್ಲಿಗೆ ತರಲಿಲ್ಲ. ಕೋಬುಶಿಯ ದೊಡ್ಡ ಕೊಂಕುಗಳು ಇಲ್ಲಿ ಇಲ್ಲ. ಅವುಗಳ ಜಾಗದಲ್ಲಿ ದ್ವೀಪದ ಹಾಡುಗಳಲ್ಲಿ ಕೇಳಿಬರುವ, ಸ್ವರದಿಂದ ಸ್ವರಕ್ಕೆ ಹೊರಳುವ ಸಣ್ಣ ತಿರುವುಗಳಿವೆ. ಯಏಯಾಮಾದಲ್ಲಿ ತುಬರಾಮಾ ಎಂಬ ಪ್ರೇಮಗೀತೆಯ ಪರಂಪರೆಯಿದೆ. ಕಟ್ಟಾ ತಾಳವಿಲ್ಲದೆ, ಎತ್ತರದ ದನಿಯಲ್ಲಿ, ಒಂದು ಸ್ವರವನ್ನು ಬಯಲಿಗೆ ಬಿಟ್ಟಂತೆ ಎಳೆದು ಹಾಡುವ ಪದ್ಧತಿ ಅದು. ಇಶಿಗಾಕಿಯಲ್ಲಿ ಪ್ರತಿ ವರ್ಷ ಚಾಂದ್ರಮಾನದ ಎಂಟನೆಯ ತಿಂಗಳಿನ ತ್ರಯೋದಶಿಯ ರಾತ್ರಿ ಅದರ ಸ್ಪರ್ಧೆ ನಡೆಯುತ್ತದೆ. ಅಂಥ ಹಾಡು ಕೇಳಿ ಬೆಳೆದ ಕಿವಿಗೆ ಮಾತ್ರ ಸ್ವರವನ್ನು ಇಷ್ಟು ಹೊತ್ತು ನಿಲ್ಲಿಸಿ ಅಲುಗದಿರುವ ಧೈರ್ಯ ಬರುತ್ತದೆ.

ಪಲ್ಲವಿಯ ಕೊನೆಯಲ್ಲಿ ಶೀರ್ಷಿಕೆಯ ಪದವೇ ಬರುತ್ತದೆ. ಎರಡು ದೀರ್ಘ ಓಕಾರಗಳು ಒಂದರ ಹಿಂದೊಂದು ಬರುವ ಈ ಜಾಗ ಗಾಯಕರಿಗೆ ಸಿಕ್ಕ ವರ. ಮೊರಿಯಾಮಾ ಅಲ್ಲಿ ಇಳಿಯುತ್ತಾರೆ. ಹೇಳಬೇಕಾದ್ದನ್ನು ಹೇಳಿ ಮುಗಿಸಿದವರ ದಣಿವು ಆ ಇಳಿತದಲ್ಲಿದೆ. ಹಿಗಾ ಅದನ್ನು ಒಳಕ್ಕೆ ನುಂಗಿಕೊಳ್ಳುತ್ತಾರೆ. ನತ್ಸುಕಾವಾ ಅಲ್ಲಿ ದನಿಯನ್ನು ತೆರೆದಿಟ್ಟು, ಸ್ವರ ತಾನಾಗಿ ಮುಗಿಯುವವರೆಗೆ ಬಿಡುತ್ತಾರೆ. ಅಳುವ ಹೊತ್ತಿನಲ್ಲಿ ಅಳದೆ ಹಾಡುವುದರಿಂದ ಕೇಳುವವರ ಅಳುವಿಗೆ ಜಾಗ ಸಿಗುತ್ತದೆ. ಈ ಹಾಡಿನ ಜನಪ್ರಿಯತೆಯ ಗುಟ್ಟು ಬೇರೇನೂ ಅಲ್ಲ, ಈ ಒಂದು ಜಾಗವೇ ಎಂದರೂ ತಪ್ಪಾಗದು. ಗಾಯಕಿಯ ದುಃಖ ಯಾರ ಬಗ್ಗೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅಪ್ಪ, ಅಜ್ಜಿ, ಗೆಳತಿ, ಮಗು, ಯಾರನ್ನು ಕಳೆದುಕೊಂಡವರಿಗೂ ಹಾಡು ಹೊಂದುತ್ತದೆ. ಮೊರಿಯಾಮಾ ಸಾಹಿತ್ಯದಲ್ಲಿ ಆರಂಭಿಸಿದ ಕೆಲಸವನ್ನು ನತ್ಸುಕಾವಾ ಗಾಯನದಲ್ಲಿ ಪೂರ್ಣಗೊಳಿಸಿದರು.

ವೇದಿಕೆಯಲ್ಲಿ ನತ್ಸುಕಾವಾ ಇದನ್ನು ಹಲವು ಸಲ ಸನ್‌ಶಿನ್ ಹಿಡಿದೇ ಹಾಡುತ್ತಾರೆ. ಬೇಗ ಆರುವ ತಂತಿನಾದದ ಪಕ್ಕದಲ್ಲಿ ಬಹು ಹೊತ್ತು ನಿಲ್ಲುವ ಮನುಷ್ಯ ದನಿ: ಈ ಜೋಡಣೆಯ ಸೊಗಸು ಪಿಯಾನೊ, ಪಿಟೀಲುಗಳ ಮೇಳದಲ್ಲಿ ಸಿಗುವುದಿಲ್ಲ. ಟೋಕಿಯೊದಲ್ಲಿ ಬರೆದ ಮಾತು, ಇಶಿಗಾಕಿಯವರು ಹಾಕಿದ ಮಟ್ಟು, ಕೊನೆಗೆ ಇಶಿಗಾಕಿಯ ಹೆಣ್ಣುದನಿಯಲ್ಲಿ ನೆಲೆಗೊಂಡಿತು. ಕವರ್ ಎಂದರೆ ಮೂಲದಿಂದ ದೂರ ಸರಿಯುವುದೆಂಬ ಸಾಮಾನ್ಯ ನಂಬಿಕೆಗೆ ಇದು ವಿರುದ್ಧವಾಗಿ ನಿಂತಿದೆ. ಇಲ್ಲಿ ಕವರ್ ಹಾಡನ್ನು ಅದರ ಊರಿಗೆ ಕರೆತಂದಿದೆ.

ಹಾಡು ಹರಡಿದ್ದಕ್ಕೆ ಕಾಲವೂ ಒದಗಿಬಂತು. ಶೋಕಿಚಿ ಕೀನಾ ಅವರ 'ಹನಾ', ಜಪಾನಿನ ಮುಖ್ಯ ನಾಡಿನವರೇ ಆದ ದಿ ಬೂಮ್ ತಂಡದ 'ಶಿಮಾ ಉತಾ' ಮೊದಲಾದವು ಒಕಿನಾವಾದ ಧಾಟಿಗೆ ದೇಶದ ಕಿವಿಯನ್ನು ಮೊದಲೇ ಹದಮಾಡಿದ್ದವು. 2001ರ ಏಪ್ರಿಲ್‌ನಲ್ಲಿ ಎನ್‌ಎಚ್‌ಕೆ ವಾಹಿನಿಯಲ್ಲಿ 'ಚುರಾಸಾನ್' ಎಂಬ ಬೆಳಗಿನ ಧಾರಾವಾಹಿ ಶುರುವಾಯಿತು. ಯಏಯಾಮಾದ ಕೊಹಾಮಾ ದ್ವೀಪದ ಹುಡುಗಿಯ ಕಥೆ. ಆ ವರ್ಷ ಜಪಾನಿನ ಮನೆಮನೆಯಲ್ಲೂ ಒಕಿನಾವಾ ಇತ್ತು. ಆದರೂ ನತ್ಸುಕಾವಾ ಅವರ ಹಾಡು ಒಂದೇ ಏಟಿಗೆ ಗೆಲ್ಲಲಿಲ್ಲ. ರೇಡಿಯೊದಿಂದ, ಸಣ್ಣ ಸಣ್ಣ ಸಭೆಗಳಿಂದ, ಬಾಯಿಂದ ಬಾಯಿಗೆ ನಿಧಾನವಾಗಿ ಹಬ್ಬಿತು. 2002ರ ಡಿಸೆಂಬರ್ 31ರಂದು, ವರ್ಷಾಂತ್ಯದಲ್ಲಿ ಜಪಾನಿನ ಕುಟುಂಬಗಳು ಒಟ್ಟಾಗಿ ಕೂತು ನೋಡುವ ಕೋಹಾಕು ಉತಾ ಗಾಸ್ಸೆನ್ ಕಾರ್ಯಕ್ರಮದಲ್ಲಿ ಆಕೆ ಮೊದಲ ಬಾರಿಗೆ ಹಾಡಿದ್ದು ಇದನ್ನೇ. ಹಾಡು ಬಂದು ಇಪ್ಪತ್ತೊಂದು ತಿಂಗಳಾಗಿತ್ತು. ಮುಂದೆ ದೇಶದ ಸಂಸ್ಕೃತಿ ಇಲಾಖೆ ಮತ್ತು ಪೋಷಕ-ಶಿಕ್ಷಕ ಸಂಘಟನೆ ಸೇರಿ ಮಕ್ಕಳಿಗೆ ದಾಟಿಸಬೇಕಾದ ಜಪಾನಿನ ಹಾಡುಗಳನ್ನು ಆರಿಸಿದಾಗ 'ನದ ಸೋಸೋ' ಆ ಪಟ್ಟಿಗೆ ಸೇರಿತು. ಮೊರಿಯಾಮಾ ಹಾಡಿದ ಕಬ್ಬಿನ ಗದ್ದೆಯ ಹಾಡೂ ಅದರಲ್ಲಿದೆ.

ನತ್ಸುಕಾವಾ ಅವರ ಗಾಯನದ ಮೇಲೆ ಒಂದು ಆಕ್ಷೇಪವನ್ನು ಗಂಭೀರವಾಗಿ ಪರಿಗಣಿಸಬೇಕು. ಅದು ತೀರಾ ನಯವಾಗಿದೆ, ದುಃಖವನ್ನು ಹಿತವಾಗಿಸಿ ಕೊಡುತ್ತದೆ ಎಂಬುದು ಆ ಆಕ್ಷೇಪ. ಇದರ ಹಿಂದೆ ದೊಡ್ಡ ಸಂಕಟವಿದೆ. ಜಪಾನಿನ ಮುಖ್ಯ ನಾಡು ಒಕಿನಾವಾವನ್ನು ಮನಸ್ಸಿಗೆ ತಂಪೆರೆಯುವ ನೀಲಿ ಕಡಲಾಗಿ, ಇಂಪಾದ ಹಾಡಾಗಿ ಬರಮಾಡಿಕೊಳ್ಳುತ್ತದೆ. ಆದರೆ ದೇಶದ ನೆಲದಲ್ಲಿ ಕೇವಲ ಶೇಕಡಾ 0.6ರಷ್ಟಿರುವ ಈ ದ್ವೀಪಗಳ ಮೇಲೆ, ಜಪಾನಿನಲ್ಲಿ ಅಮೆರಿಕದ ಸೇನೆಗೆ ಮೀಸಲಾದ ನೆಲೆಗಳ ಸುಮಾರು ಶೇಕಡಾ 70ರಷ್ಟು ವಿಸ್ತೀರ್ಣ ಕೂತಿದೆ. 1972ರವರೆಗೆ ಒಕಿನಾವಾ ಅಮೆರಿಕದ ಆಡಳಿತದಲ್ಲೇ ಇತ್ತು. ಹಾಡು ಕೇಳಿ ಕಣ್ಣೊರೆಸಿಕೊಂಡವರು ಈ ಭಾರವನ್ನು ಮರೆಯುವುದು ಸುಲಭ. ಆದರೆ ಈ ದೂರನ್ನು ಹಾಡಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಇದು ಒಬ್ಬ ತಂಗಿ ತನ್ನ ಅಣ್ಣನಿಗಾಗಿ ಬರೆದದ್ದು. ದ್ವೀಪದ ಇತಿಹಾಸವನ್ನೆಲ್ಲ ಹೇಳಲು ಬರೆದದ್ದಲ್ಲ. ನತ್ಸುಕಾವಾ ಅವರ ದನಿಯ ನಯ ಕಲಿತು ಬಳಿದ ನಯವೂ ಅಲ್ಲ. ಹತ್ತು ವರ್ಷ ಯಾರೂ ಕೇಳದಿದ್ದಾಗಲೂ ಹಾಡಿಕೊಂಡೇ ಇದ್ದವರ ದನಿಗೆ ಬರುವ ನಿರಾಳತೆ ಅದು.

ಆಮೇಲೆ ಬಂದ ಕವರ್‌ಗಳು ಹಲವು. ಹಿದೆಯಾಕಿ ತೊಕುನಾಗಾ 2005ರಲ್ಲಿ 'ವೋಕಲಿಸ್ಟ್' ಎಂಬ ಆಲ್ಬಮ್ ಹೊರತಂದರು. ಹೆಂಗಸರು ಹಾಡಿ ಪ್ರಸಿದ್ಧವಾದ ಹಾಡುಗಳನ್ನಷ್ಟೇ ಗಂಡುದನಿಯಲ್ಲಿ ಹಾಡುವುದು ಅದರ ಸಂಕಲ್ಪ. 'ನದ ಸೋಸೋ' ಅದರಲ್ಲಿ ಸೇರಿದೆ. ಗಂಡಸರು ಮಟ್ಟು ಹಾಕಿ, ಗಂಡಸರೇ ಹಾಡಿಯೂ ಇದ್ದ ಹಾಡನ್ನು ಐದು ವರ್ಷದೊಳಗೆ ಎಲ್ಲರೂ ಹೆಂಗಸಿನ ಹಾಡೆಂದೇ ಎಣಿಸುವಂತಾಯಿತೆಂದರೆ ನತ್ಸುಕಾವಾ ಅವರ ಪ್ರಭಾವ ಎಷ್ಟೆಂದು ತಿಳಿಯುತ್ತದೆ. ಸಿಂಗಪುರದ ಜಾಯ್ ಚುವಾ ಚೀನೀ ಸಾಹಿತ್ಯದಲ್ಲಿ, ನ್ಯೂಜಿಲೆಂಡಿನ ಹೇಲಿ ವೆಸ್ಟೆನ್ರಾ 2008ರ ತಮ್ಮ ಜಪಾನಿ ಹಾಡುಗಳ ಸಂಗ್ರಹದಲ್ಲಿ ಇದನ್ನು ಹಾಡಿದ್ದಾರೆ. ಎರಡೂ ಚೆನ್ನಾಗಿವೆ, ಎರಡೂ ಮರೆತುಹೋಗುತ್ತವೆ. ಉಳಿಯುವುದು ಹವಾಯಿಯ ಕೆಯಲೀಯಿ ರೈಶೆಲ್ 2003ರಲ್ಲಿ ಹಾಡಿದ್ದು. ಆತ ಸಾಹಿತ್ಯವನ್ನು ಹವಾಯಿ ನುಡಿಯಲ್ಲಿ ಪೂರ್ತಿ ಹೊಸದಾಗಿ ಮಾಡಿಸಿಕೊಂಡು, ಕಡಲಂಚಿನ ಮನೆಯೊಂದರ ನೆನಪಾಗಿ ಹಾಡಿದ್ದಾರೆ. ಒಕಿನಾವಾದಿಂದ ಮೊದಲ ಕೂಲಿಯಾಳುಗಳು ಕಬ್ಬಿನ ತೋಟಗಳಿಗೆಂದು ಹವಾಯಿಗೆ ಹೋದದ್ದು 1900ರಲ್ಲಿ. ಅವರ ಮೊಮ್ಮಕ್ಕಳು, ಮರಿಮಕ್ಕಳು ಈಗಲೂ ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹಾಗಾಗಿ ಮಟ್ಟು ಅಲ್ಲಿಗೆ ಹೋದದ್ದು ಪರದೇಶಕ್ಕೆ ಹೋದಂತಾಗಲಿಲ್ಲ.

2006ರಲ್ಲಿ ಇದೇ ಹೆಸರಿನ ಚಲನಚಿತ್ರವೂ ಬಂತು. ನೊಬುಹಿರೊ ದೋಯಿ ನಿರ್ದೇಶನ. ಸಾತೋಶಿ ತ್ಸುಮಾಬುಕಿ, ಮಸಾಮಿ ನಾಗಾಸಾವಾ ಮುಖ್ಯ ಪಾತ್ರಗಳಲ್ಲಿ. ಒಕಿನಾವಾದಲ್ಲಿ ಒಟ್ಟಿಗೆ ಬೆಳೆದ, ರಕ್ತಸಂಬಂಧವಿಲ್ಲದ ಅಣ್ಣ-ತಂಗಿಯರ ಕಥೆ ಅದು, ಅಣ್ಣ ಸಾಯುತ್ತಾನೆ. ಹಾಡಿನಲ್ಲಿ ಮೊರಿಯಾಮಾ ಎಚ್ಚರದಿಂದ ಬಿಟ್ಟಿದ್ದ ಸಂಬಂಧವನ್ನು ಚಿತ್ರ ಮತ್ತೆ ಹೆಸರಿಟ್ಟು ಕರೆಯಿತು. ಅಳು ತರಿಸುವ ಚಿತ್ರವೆಂಬುದರಲ್ಲಿ ಸಂದೇಹವಿಲ್ಲ, ಆದರೆ ಹಾಡು ಮೂರು ದನಿಗಳಲ್ಲಿ ಹೇಳದೆ ಉಳಿಸಿದ್ದನ್ನು ಅದು ಹೇಳಿಬಿಟ್ಟಿತು. ಹಾಡಿನಷ್ಟು ಎತ್ತರಕ್ಕೆ ಅದು ಏರಲಿಲ್ಲ.

ಮೊರಿಯಾಮಾ, ನತ್ಸುಕಾವಾ ಅವರ ಎರಡು ಗಾಯನಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ನುಣುಚಿಕೊಳ್ಳದೆ ಉತ್ತರಿಸಬೇಕು. ಹಾಡಾಗಿ ನತ್ಸುಕಾವಾ ಅವರದೇ ಮೇಲು. ಮಟ್ಟು ಬೇಡುವ ದೀರ್ಘ ಉಸಿರು, ಊರಿನ ಸೊಗಡು, ಸಂಯಮ ಮೂರೂ ಅಲ್ಲಿ ಕೂಡಿವೆ. ಆದರೆ ಕೊನೆಯ ಭಾಗ, ಕಾಣಬೇಕೆಂಬ ಆಸೆ ಮತ್ತೆ ಮತ್ತೆ ಮರುಕಳಿಸುವ ಆ ಕೆಲವು ಕ್ಷಣಗಳು, ಮೊರಿಯಾಮಾ ಅವರವೇ. ಅಲ್ಲಿ ನತ್ಸುಕಾವಾ ಚೆಂದವಾಗಿ ಹಾಡುತ್ತಾರೆ. ಮೊರಿಯಾಮಾ ನಿಜವಾಗಿಯೂ ಒಬ್ಬನನ್ನು ಕರೆಯುತ್ತಾರೆ. ಅದನ್ನು ಯಾವ ಕವರೂ ಕೊಡಲಾರದು. ಜಪಾನಿ ಬಾರದ ಕನ್ನಡ ಕೇಳುಗರು ಮ್ಯೂಸಿಕ್ ಆ್ಯಪ್‌ಗಳಲ್ಲಿ ಈ ಹಾಡನ್ನು ಹುಡುಕುವುದಾದರೆ ಕಾಲಕ್ರಮವನ್ನು ತಿರುಗಿಸಿ ಕೇಳುವುದು ಒಳ್ಳೆಯದು: ಮೊದಲು 2001ರ ನತ್ಸುಕಾವಾ, ಆಮೇಲೆ 2000ದ ಬಿಗಿನ್, ಕೊನೆಗೆ 1998ರ ಮೊರಿಯಾಮಾ.